ಹಿರೇಹೊಳೆಯನ್ನು ಹೊತ್ತ ಹಲಗೆ

“ಈ ಹೊಳಿಗೆ ಯಾವ ನೀರ ಹಾಕ್ಲಿ?”

ಹಾಗೆ ಕೇಳಿದವರು ಅಂದಾನೆಪ್ಪನವರು. ಕೇಳಿದ್ದು ಯಾರನ್ನೂ ಅಲ್ಲ. ಆ ಸಂಜೆ ಪಡಸಾಲೆಯಲ್ಲಿ ಅವರ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಅವರ ಎಡಕ್ಕೊಂದು ಬಟ್ಟಲು, ಬಲಕ್ಕೊಂದು ಬಟ್ಟಲು. ಎರಡರಲ್ಲೂ ಬಿಳಿ ಅಂಟನ್ನು ತೆಳ್ಳಗೆ ಕದಡಿ ಬಣ್ಣ ಕಲಸಿಟ್ಟಿದ್ದರು. ಒಂದರಲ್ಲಿ ಬೇಸಿಗೆಯ ತಿಳಿಹಸಿರು, ಇನ್ನೊಂದರಲ್ಲಿ ಮಹಾಪೂರದ ಕೆಂಪು. ಎರಡರ ನಡುವೆ ನಾನು, ಎದೆ ತೆರೆದು, ಬತ್ತಿದ ಹೊಳೆಯಾಗಿ ಮಲಗಿದ್ದೆ.

ನನಗೆ ಬಾಯಿಲ್ಲ. ಇದ್ದಿದ್ದರೂ ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನ್ನದಲ್ಲ. ಆದರೆ ಕೇಳಿಸಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ನನ್ನ ಬಾಳೆಲ್ಲ ಕೇಳಿದ್ದರಲ್ಲೇ ಕಳೆದಿದೆ. ಅದನ್ನೇ ಹೇಳುತ್ತೇನೆ.

ನಾನು ಒಂದು ಫೋಮ್ ಬೋರ್ಡು. ಜನ ಥರ್ಮಾಕೋಲ್ ಅಂತಲೂ ಅನ್ನುತ್ತಾರೆ, ಹಲಗೆ ಅಂತಲೂ ಅನ್ನುತ್ತಾರೆ. ಯಾವುದೋ ಕಾರ್ಖಾನೆಯಲ್ಲಿ, ಕಾದ ಯಂತ್ರದ ಬಾಯಿಂದ, ಉಕ್ಕಿದ ಹಾಲಿನ ನೊರೆಯಂತೆ ಹೊರಬಿದ್ದೆ. ನೊರೆ ಆರುವ ಮುಂಚೆ ಮೇಲೊಂದು ಕೆಳಗೊಂದು ಬಿಳಿ ಕಾಗದ ಒತ್ತಿದರು. ಒಳಗೆ ಬಹುಪಾಲು ಗಾಳಿ, ಹೊರಗೆ ತೆಳ್ಳನೆಯ ಕಾಗದ, ಇಷ್ಟೇ ನನ್ನ ದೇಹ. ಮನುಷ್ಯರ ದೇಹವೂ ಹೆಚ್ಚುಕಡಿಮೆ ಹೀಗೆಯೇ ಎಂದು ಮುಂದೆ ಪುರಾಣದಲ್ಲಿ ಕೇಳಿದಾಗ ನನಗೆ ಸಮಾಧಾನವಾಯಿತು.

ಲಾರಿಯಲ್ಲಿ ಬಂದು ಇಳಿದದ್ದು ಎರೆ ಸೀಮೆಯ ಒಂದು ಜಂಕ್ಷನ್ ಊರಿಗೆ. ಅಲ್ಲಿ ಒಂದು ಸ್ಟೇಷನರಿ ಅಂಗಡಿಯ ಹಿಂದಿನ ಗೋಡೆಗೆ, ನಕಾಶೆಗಳ ಸುರುಳಿಗಳ ಮಧ್ಯೆ ಒರಗಿಕೊಂಡು ನಿಂತೆ. ರೈಲು ಬಂದಾಗಲೆಲ್ಲ ಅಂಗಡಿಯ ನೆಲ ಸಣ್ಣಗೆ ನಡುಗುತ್ತಿತ್ತು, ಅದರೊಂದಿಗೆ ನಾನೂ. ರೈಲಿಗೂ ನನಗೂ ಇರುವ ಋಣ ಅಲ್ಲಿಂದಲೇ ಶುರುವಾಯಿತೋ ಏನೋ.

ಶ್ರಾವಣ ಹತ್ತಿರ ಬಂದಾಗ ಊರ ಮಠದವರು ನನ್ನನ್ನು ಕೊಂಡೊಯ್ದರು. ಆ ಸಲವೂ ಮಠದಲ್ಲಿ ಪುರಾಣ ಹಚ್ಚಿದ್ದರು. ಬಣ್ಣದ ಕಾಗದದಲ್ಲಿ ಅಕ್ಷರ ಕತ್ತರಿಸಿ ನನ್ನ ಮೈಗೆ ಅಂಟಿಸಿ, ಪುರಾಣ ಹೇಳುವ ಶಾಸ್ತ್ರಿಗಳ ಬೆನ್ನ ಹಿಂದೆ ತೂಗುಹಾಕಿದರು. ತಿಂಗಳು ಪೂರ್ತಿ ಸಂಜೆಯಾದರೆ ದೀಪ, ಊದಿನಕಡ್ಡಿ, ಹಾರ್ಮೋನಿಯಂ. ಗವಾಯಿಗಳು ಪದ್ಯ ಹಾಡುತ್ತಿದ್ದರು, ಶಾಸ್ತ್ರಿಗಳು ಅರ್ಥ ಬಿಡಿಸುತ್ತಿದ್ದರು. ನನ್ನೊಳಗೆ ಗಾಳಿಯೇ ತುಂಬಿರುವುದರಿಂದ ಆ ದನಿ ಸಲೀಸಾಗಿ ಒಳಹೊಕ್ಕು ನಡುಗುತ್ತ ನಿಲ್ಲುತ್ತಿತ್ತು. ಷಟ್ಪದಿ ಎಂದರೆ ಆರು ಸಾಲು. ಮೂರನೆಯ ಸಾಲಿಗೆ ಬಂದಾಗ ಗವಾಯಿಗಳು ದನಿ ಉದ್ದಕ್ಕೆ ಎಳೆದು, ಒಂದು ಉಸಿರು ನಿಂತು, ಆಮೇಲೆ ಮುಂದಿನ ಮೂರಕ್ಕೆ ಹೋಗುತ್ತಿದ್ದರು. ಆ ಒಂದು ಉಸಿರಿನ ಹೊತ್ತು ಇಡೀ ಮಠ ಕಾಯುತ್ತಿತ್ತು.

ನನ್ನ ಎದುರಿಗೇ, ಕಟ್ಟಕಡೆಯ ಕಂಬಕ್ಕೆ ಒರಗಿ, ಒಬ್ಬರು ದಿನಾಲೂ ಕೂರುತ್ತಿದ್ದರು. ಗಟ್ಟಿಮುಟ್ಟಾದ ಆಳು, ನರೆತ ಮೀಸೆ, ಹೆಗಲ ಮೇಲೊಂದು ಟವೆಲ್. ಯಾರ ಜೊತೆಗೂ ಮಾತಿಲ್ಲ. ಕಣ್ಣು ಮುಚ್ಚಿ ಕೇಳುವುದು, ಆರತಿಯಾದ ಮೇಲೆ ಎದ್ದು ಹೋಗುವುದು. ಅವರೇ ಅಂದಾನೆಪ್ಪನವರು, ರೈಲು ಎಂಜಿನ್ನಿನ ಡ್ರೈವರಾಗಿ ದುಡಿದು ನಿವೃತ್ತರಾದವರು.

ಒಂದು ದಿನ ಶಾಸ್ತ್ರಿಗಳು ಪದ್ಯ ಬದಿಗಿಟ್ಟು ಜನರನ್ನೇ ಕೇಳಿದರು: “ಹೊಳಿ ದಾಟಿಸಿದವನು ಒಬ್ಬ ದೇವರು. ಈಗ ದಾಟಬ್ಯಾಡ ಅಂತ ತಡೆದು ನಿಲ್ಲಿಸಿದವನು ಇನ್ನೊಬ್ಬ ದೇವರು. ಮೊದಲನೆಯವಗ ಗುಡಿ ಕಟ್ಟೀವಿ, ತೇರು ಎಳದೀವಿ. ಎರಡನೆಯವನ ಹೆಸರರ ನಮಗ ನೆನಪೈತೇನು?”

ಕಟ್ಟಕಡೆಯ ಕಂಬದ ಹತ್ತಿರ ಟವೆಲ್ಲು ಕಣ್ಣಿಗೆ ಹೋಯಿತು. ನಾನು ನೋಡಿದೆ.

ಪುರಾಣ ಮಂಗಲವಾಯಿತು. ಮರುದಿನ ಮಂಟಪ ಬಿಚ್ಚುವವರು ನನ್ನನ್ನು ಬಾಳೆಕಂಬಗಳ ಜೊತೆ ತಿಪ್ಪೆಗೆ ಒಯ್ಯುವಾಗ ಅಂದಾನೆಪ್ಪನವರು ಅಡ್ಡ ಬಂದರು.

“ತಿಂಗಳಪೂರ್ತಿ ಶಾಸ್ತ್ರಿಗಳ ಬೆನ್ನ ಕಾಯ್ದ ಹಲಗಿ ಇದು. ತಿಪ್ಪಿಗೆ ಯಾಕ್ರೋ? ನನಗ ಕೊಡ್ರಿ.”

“ಒಯ್ಯಿರಿ ಕಾಕಾ. ಗಾಳಿ ಬಿಟ್ರ ಹಾರತೇತಿ ನೋಡ್ರಿ, ಗಟ್ಟಿ ಹಿಡೀರಿ. ನಿಮ್ಮ ಎಂಜಿನ್ನಿನಂಗ ಭಾರ ಇಲ್ಲ ಇದು.”

ಹಾಗೆ ನಾನು ಅವರ ಮನೆ ಹೊಕ್ಕೆ. ಹೊಸ್ತಿಲಲ್ಲೇ ಪಾರ್ವತೆವ್ವನವರು ಸ್ವಾಗತ ಮಾಡಿದರು. ಅವರು ಅಂದಾನೆಪ್ಪನವರ ಹೆಂಡತಿ, ಆ ಮನೆಯ ಬಾಯಿ.

“ಮತ್ತೊಂದು ತಂದ್ರ್ಯಾ? ಮಂದಿ ಗಂಡಸ್ರು ರಿಟೈರ್ ಆದ್ರ ಮನಿಗೆ ಕಾಯಿಪಲ್ಲೆ ತರತಾರ. ನೀವು ದಿನಕ್ಕೊಂದು ಹಲಗಿ ತರತೀರಿ. ನಾಳೆ ಇದನ್ನ ಹೆಚ್ಚಿ ಪಲ್ಲೆ ಮಾಡ್ಲೇನು?”

ಅಂದಾನೆಪ್ಪನವರು ನಕ್ಕರು. ಅವರ ರೀತಿಯೇ ಹಾಗೆ. ಯಾರು ಏನು ಕೇಳಿದರೂ ‘ಇಲ್ಲ’ ಎನ್ನುವ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ. ಪಾರ್ವತೆವ್ವ ನೆರೆಯವರ ಮುಂದೆ ಆಡಿಕೊಳ್ಳುತ್ತಿದ್ದರು: “ನಮ್ಮನಿಯವರು ಜನ್ಮಪೂರ್ತಿ ಕೆಂಪು ಕಂಡ್ರ ನಿಂತ್ರು, ಹಸರು ಕಂಡ್ರ ಹೊಂಟ್ರು. ಅವರದು ಅಂತ ಒಂದು ಸ್ವಂತ ಸಿಗ್ನಲ್ ದೇವರು ಕೊಟ್ಟೇ ಇಲ್ಲ.”

ಈಗಿನ ಕೆಲಸವೂ ಹಾಗೆಯೇ ಬಂದದ್ದು. ನಿವೃತ್ತ ರೈಲ್ವೆ ನೌಕರರ ಸಂಘದ ಕಾರ್ಯದರ್ಶಿ ಕಟಗೇರಿಯವರು ಕೇಳಿದ್ದರು: ಸಂಘದ ಹಾಲಿಗೆ ಒಂದು ಆಟದ ರೈಲಿನ ಮಾದರಿ ಆಗಬೇಕು, ಗುಡ್ಡ, ನಿಲ್ದಾಣ, ಹೊಳೆ, ಸೇತುವೆ ಎಲ್ಲ ಇರಬೇಕು. ಇವರು ಹೂಂ ಅಂದರು. ಯಾವ ಹೊಳೆ, ಯಾವ ಸೇತುವೆ ಎಂದು ಕಟಗೇರಿಯವರು ಹೇಳಿರಲಿಲ್ಲ. ಶಾಸ್ತ್ರಿಗಳ ಮಾತು ಕೇಳಿದ ದಿನ ಅದು ಇವರ ಮನಸ್ಸಿನಲ್ಲೇ ತೀರ್ಮಾನವಾಯಿತು. ಹಿರೇಹೊಳೆ. ಈಗಿಲ್ಲದ ಹಳೆಯ ಸೇತುವೆ.

ಆ ಸೇತುವೆಯ ಕಥೆ ನನಗೆ ತುಂಡು ತುಂಡಾಗಿ ತಿಳಿಯಿತು. ಬ್ಲೇಡು ಎಳೆಯುತ್ತ, ಅಂಟು ಒಣಗಲು ಕಾಯುತ್ತ, ಅಂದಾನೆಪ್ಪನವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಎಲ್ಲ ಜೋಡಿಸಿದರೆ ಹೀಗೆ.

ಅವರು ಇನ್ನೂ ಪ್ರಾಯದವರಿದ್ದಾಗ, ಒಂದು ಶ್ರಾವಣದಲ್ಲಿ, ದೀಪ ಹಚ್ಚುವ ಹೊತ್ತಿಗೆ, ಪ್ಯಾಸೆಂಜರ್ ಗಾಡಿ ತೆಗೆದುಕೊಂಡು ಹಿರೇಹೊಳೆಗೆ ಬರುತ್ತಿದ್ದರು. ಜಡಿಮಳೆ. ಮಳೆಗಾಲದಲ್ಲಿ ಸೇತುವೆ ಕಾಯಲು ದುರ್ಗಪ್ಪ ಎಂಬ ಕಾವಲುಗಾರನಿದ್ದ. ಆ ದಿನ ಅವನು ಹಳಿಯ ಮಧ್ಯೆ ನಿಂತು ಕೆಂಪು ಕಂದೀಲು ಬೀಸುತ್ತಿದ್ದ. ಅಂದಾನೆಪ್ಪನವರು ಬ್ರೇಕು ಹಾಕಿದರು. ಗಾಡಿ ಸೇತುವೆಯ ಬಾಯಲ್ಲಿ ನಿಂತಿತು. ದುರ್ಗಪ್ಪ ಎಂಜಿನ್ನಿನ ಹತ್ತಿರ ಬಂದು, “ಮೂರನೇ ಕಂಬ ಅಳ್ಳಾಡಾಕತ್ತೇತ್ರಿ, ಮುಂದ ಬ್ಯಾಡ್ರಿ” ಅಂದ. ಆಚೆಯಿಂದ ಒಂದು ಗೂಡ್ಸ್ ಗಾಡಿ ಬರುವುದಿತ್ತು. ಅದನ್ನೂ ತಡೆಯಬೇಕು ಎಂದು, ಬೇಡ ಬೇಡ ಎಂದರೂ ಕೇಳದೆ, ಅದೇ ಕಂದೀಲು ಹಿಡಿದು ಸೇತುವೆಯ ಮೇಲೆ ನಡೆದ. ಕೆಂಪು ದೀಪ ಒಂದನೆಯ ಕಂಬ ದಾಟಿತು, ಎರಡನೆಯದು ದಾಟಿತು. ಮೂರನೆಯದಕ್ಕೆ ಬಂದು ನಿಂತಂತೆ ಕಂಡಿತು. ಆಮೇಲೆ ಕಾಣಲಿಲ್ಲ.

ಆ ಗೂಡ್ಸ್ ಗಾಡಿ ಆಚೆಯ ನಿಲ್ದಾಣದಲ್ಲೇ ನಿಂತಿತ್ತು, ಹೊರಟಿರಲೇ ಇಲ್ಲ. ಅದು ದುರ್ಗಪ್ಪನಿಗೆ ತಿಳಿಯುವ ದಾರಿ ಇರಲಿಲ್ಲ.

ಹಳೆಯ ಸೇತುವೆಗೆ ಆರು ಕಂಬ. ಇದನ್ನು ಕೇಳಿದಾಗ ನನಗೆ ಮಠದ ಗವಾಯಿಗಳು ನೆನಪಾದರು. ಮೂರನೆಯ ಸಾಲಿಗೆ ದನಿ ನಿಂತಿತು, ಮುಂದಿನ ಮೂರು ಸಾಲು ಯಾರೂ ಹಾಡಲಿಲ್ಲ.

ಇನ್ನು ನಾನು ಹೊಳೆಯಾದ ಬಗೆ. ಅದು ಯಾರೂ ಎಣಿಸಿ ಮಾಡಿದ್ದಲ್ಲ. ನನ್ನಂಥ ಹಲವು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ದಂಡೆ, ದಿಬ್ಬ ಮಾಡುವುದು ಅವರ ಯೋಚನೆ. ಒದ್ದೆ ಬಟ್ಟೆ ಒತ್ತಿ ನನ್ನ ಮೈಮೇಲಿನ ಕಾಗದ ಸುಲಿದರು. ಪುರಾಣದ ಬಣ್ಣದ ಅಕ್ಷರಗಳೂ ಅದರ ಜೊತೆ ಹೋದವು. ಆ ಹೊತ್ತು ಜನಿವಾರ ತೆಗೆದಂತೆಯೋ ಲಿಂಗ ಕಳಚಿದಂತೆಯೋ ನಾನು ಬಡವಾದೆ. ಆಮೇಲೆ ಅವರು ಸೈಕಲ್ಲಿನ ಟ್ಯೂಬಿಗೆ ಪಂಕ್ಚರ್ ಹಚ್ಚುವ ಸಲ್ಯೂಶನ್ ತೆಗೆದು ನಡುಮಧ್ಯೆ ಧಾರಾಳವಾಗಿ ಸವರಿದರು. ಅವರ ಪ್ರಕಾರ ಲೋಕದಲ್ಲಿ ಅದಕ್ಕಿಂತ ಗಟ್ಟಿ ಅಂಟಿಲ್ಲ.

ನನ್ನ ಜಾತಿಗೆ ಅದು ವಿಷ. ಸವರಿದಲ್ಲೆಲ್ಲ ನಾನು ಕರಗತೊಡಗಿದೆ. ಸುಟ್ಟಂತೆ ಕುಗ್ಗಿ, ಹೊಂಡ ಬಿದ್ದು, ಎದೆಯ ಮೇಲೆ ವಕ್ರವಾಗಿ ಒಂದು ಹರಿವು ತೆರೆಯಿತು. ಅಂದಾನೆಪ್ಪನವರು ಗಾಬರಿಯಾಗಿ ಬಟ್ಟೆಯಲ್ಲಿ ಒರೆಸಿದರು. ಒರೆಸಿದಷ್ಟೂ ಹೊಂಡ ಅಗಲವಾಯಿತು.

“ಏನ್ರೀ ಅದು ವಾಸನಿ? ಮನಿ ಸುಡಾಕತ್ತೀರೇನು?” ಪಾರ್ವತೆವ್ವ ಸೆರಗು ಮೂಗಿಗೆ ಹಿಡಿದು ಬಂದರು. ನೋಡಿ, “ಅಯ್ಯ, ಪುರಾಣದ ಹಲಗಿಗೆ ಹುಣ್ಣ ಮಾಡಿದ್ರಲ್ರೀ” ಅಂದರು.

ಅಂದಾನೆಪ್ಪನವರು ತಲೆ ತಗ್ಗಿಸಿ ನನ್ನನ್ನೇ ನೋಡಿದರು. ಆಮೇಲೆ ಆ ಹೊಂಡದ ಅಂಚಿನ ಮೇಲೆ ಬೆರಳು ಎಳೆಯುತ್ತ ಬಂದು, ಒಂದು ತಿರುವಿನಲ್ಲಿ ನಿಲ್ಲಿಸಿದರು.

“ಪಾರ್ವತಿ, ಇಲ್ಲಿ ನೋಡು. ಹಿರೇಹೊಳಿ ಸೇತುವೆ ಕೆಳಗ ಹಿಂಗ ಹೊಳ್ಳತೇತಿ. ಹಿಂಗ.”

ನನ್ನ ಗಾಯವೇ ಹೊಳೆಯ ಪಾತ್ರವಾಯಿತು. ಅಲ್ಲಿಂದ ಮುಂದೆ ಅವರು ಬಿಳಿ ಅಂಟು ಬಿಟ್ಟು ಬೇರೆ ಮುಟ್ಟಲಿಲ್ಲ. ರೊಟ್ಟಿ ಸುತ್ತುವ ಬೆಳ್ಳಿ ಹಾಳೆಯನ್ನು ಮುದ್ದೆ ಮಾಡಿ ನನ್ನ ಮೇಲೆ ಒತ್ತಿದರೆ ಬಂಡೆಯ ಒರಟು ಮೂಡುತ್ತಿತ್ತು. ಮಸಿ ತೀರಿದ ಪೆನ್ನಿನಿಂದ ಗೀರಿದರೆ ಸೇತುವೆಯ ಕಂಬಕ್ಕೆ ಕಲ್ಲುಕಟ್ಟಡದ ಸಾಲು. ಹೊಲದಿಂದ ಎರೆಮಣ್ಣು ತಂದು ಚಹಾ ಸೋಸುವ ಜರಡಿಯಲ್ಲಿ ಜಾಳಿಸಿ ದಂಡೆಗೆ, ಮರಳನ್ನು ಹೊಳೆಯ ಪಾತ್ರಕ್ಕೆ ಉದುರಿಸಿದರು. ಒಣಗಿದ ತುಳಸಿ ಕಡ್ಡಿಗೆ ಪಾತ್ರೆ ತೊಳೆಯುವ ಸ್ಪಂಜಿನ ಚೂರು ಅಂಟಿಸಿ, ಹಸಿರು ಬಳಿದು ಜಾಲಿಗಿಡ ನಿಲ್ಲಿಸಿದರು. ಹಳೆಯ ಕಸಬರಿಗೆಯ ತುದಿ ಕತ್ತರಿಸಿ ಜೋಳದ ಹೊಲ ಬೆಳೆದರು.

“ಜರಡಿ ಹೋತು, ಸ್ಪಂಜ್ ಹೋತು, ಕಸಬರಿಗಿ ಹೋತು,” ಪಾರ್ವತೆವ್ವ ಎಣಿಸುತ್ತಿದ್ದರು. “ಇನ್ನ ಉಳದಾಕಿ ನಾ ಒಬ್ಬಾಕಿ. ನನ್ನನ್ನೂ ಕತ್ತರಿಸಿ ಗುಡ್ಡ ಮಾಡ್ರಿ.”

ಮಾದರಿಯ ನಿಲ್ದಾಣದ ಪಕ್ಕ ಒಂದು ಪುಟ್ಟ ಹೊಂಡವಿತ್ತು. ಹಿಂದೆ ಎಂಜಿನ್ನಿಗೆ ನೀರು ಅಲ್ಲಿಂದ ಹೋಗುತ್ತಿತ್ತಂತೆ. ಹೊಳೆಗೆ ನೀರು ಹಾಕುವ ಮುಂಚೆ ಕೈ ಪಳಗಲಿ ಎಂದು ಅಂದಾನೆಪ್ಪನವರು ಮೊದಲು ಅದನ್ನು ತುಂಬಿದರು. ತಳಕ್ಕೆ ಕಡುಹಸಿರು, ಅಂಚಿಗೆ ಮಣ್ಣುಬಣ್ಣ. ಅದರ ಮೇಲೆ ಬಿಳಿ ಅಂಟು, ಒಂದು ತೆಳ್ಳನೆಯ ಪದರ. ಹಾಕಿದಾಗ ಹಾಲಿನಂತೆ ಬೆಳ್ಳಗೆ. ಒಣಗುತ್ತ ಒಣಗುತ್ತ ತಿಳಿಯಾಗಿ, ಕೆಳಗಿನ ಬಣ್ಣ ಮೇಲೆ ಬರುತ್ತಿತ್ತು. ಒಂದು ಪದರ ಪೂರಾ ಒಣಗದೆ ಇನ್ನೊಂದು ಹಾಕುವಂತಿಲ್ಲ. ಅವಸರ ಮಾಡಿದರೆ ಬೆಳ್ಳಗೆಯೇ ಉಳಿದುಬಿಡುತ್ತದೆ. ತಾಳ್ಮೆಯ ಕೆಲಸ, ಜಪದಂತೆ. ಕಡೆಯ ಪದರ ಹಸಿ ಇದ್ದಾಗ ಕುಂಚದ ತುದಿಯಿಂದ ತಟ್ಟಿ ತಟ್ಟಿ ಸಣ್ಣ ಅಲೆ ಎಬ್ಬಿಸಿದರು.

ಮಧ್ಯಾಹ್ನ ಕಿಟಕಿಯಿಂದ ಒಂದು ಗುಬ್ಬಿ ಬಂದು ಆ ಹೊಂಡದ ದಂಡೆಯ ಮೇಲೆ ಕೂತಿತು. ಬಾಗಿ ಕೊಕ್ಕು ಹಾಕಿತು. ಟಕ್ ಎಂದಿತು. ಇನ್ನೊಮ್ಮೆ ಹಾಕಿತು. ತಲೆ ಓರೆ ಮಾಡಿ ನೋಡಿ ಹಾರಿಹೋಯಿತು.

ಅಂದಾನೆಪ್ಪನವರ ಮುಖ ಅರಳಿತ್ತು. ಪಾರ್ವತೆವ್ವ ಮಾತ್ರ ನಗಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಬಟ್ಟಲಲ್ಲಿ ನೀರು ತಂದು ಕಿಟಕಿಯಲ್ಲಿಟ್ಟರು.

“ನಿಮ್ಮ ಕೈ ಛಲೋ ಐತ್ರೀ, ಇಲ್ಲ ಅನ್ನೂದಿಲ್ಲ. ಆದರ ಬಾಯಾರಿದ್ದಕ್ಕ ಮೋಸ ಆಗಬಾರದು.”

ಆ ಮಾತು ಆಗ ನನಗೆ ಅಷ್ಟು ತಾಗಲಿಲ್ಲ. ಆಮೇಲೆ ತಾಗಿತು.

ಸೇತುವೆ ನಿಂತಿತು, ಆರೂ ಕಂಬ. ಹಳಿ ಬಂತು. ಈಚೆ ದಂಡೆಯ ಮೇಲೆ, ಸೇತುವೆಯ ಬಾಯಲ್ಲಿ, ಬೆರಳುದ್ದದ ದುರ್ಗಪ್ಪ ಬಂದು ನಿಂತ. ತಂತಿಯ ಮೈ, ಖಾಕಿ ಕಾಗದದ ಅಂಗಿ, ಎತ್ತಿದ ಕೈಯಲ್ಲಿ ಗಣಪತಿಯ ದೀಪಮಾಲೆಯಿಂದ ಬಿಚ್ಚಿದ ಒಂದು ಕೆಂಪು ಬಲ್ಬು. ಗುಂಡಿ ಒತ್ತಿದರೆ ಹತ್ತುತ್ತಿತ್ತು. ಇನ್ನು ಉಳಿದದ್ದು ಹೊಳೆಯ ನೀರು. ಆವತ್ತೇ ಅವರು ಎರಡು ಬಟ್ಟಲು ಇಟ್ಟುಕೊಂಡು ಯಾರೂ ಇಲ್ಲದ ಪಡಸಾಲೆಯಲ್ಲಿ ಆ ಪ್ರಶ್ನೆ ಕೇಳಿದ್ದು. ಕೆಂಪು ನೀರು ಹಾಕಿದರೆ ಅದು ಆ ದಿನದ ಹೊಳೆ. ಹಸಿರು ಹಾಕಿದರೆ ಏನೂ ಆಗಿಲ್ಲವೆಂಬಂತೆ ಹರಿಯುವ ಹೊಳೆ. ಯಾವುದಕ್ಕೂ ಕೈ ಏಳಲಿಲ್ಲ. ಬಟ್ಟಲಿಗೆ ತಟ್ಟೆ ಮುಚ್ಚಿಟ್ಟು ಎದ್ದರು.

ಮರುದಿನ ಬೆಳಿಗ್ಗೆ ಫಕ್ಕೀರವ್ವ ಬಂದಳು. ಅವಳು ದುರ್ಗಪ್ಪನ ಹೆಂಡತಿ. ಗಂಡ ಹೋದ ಮೇಲೆ ರೈಲ್ವೆ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು, ಈಗ ಮಗಳ ಮನೆಯಲ್ಲಿದ್ದಳು. ಪ್ರದರ್ಶನಕ್ಕೆ ಇಡುವ ಮುಂಚೆ ಅವಳೊಮ್ಮೆ ನೋಡಬೇಕು ಎಂದು ಅಂದಾನೆಪ್ಪನವರೇ ಹೇಳಿ ಕಳಿಸಿದ್ದರು.

ಅವಳು ಮೊದಲು ದುರ್ಗಪ್ಪನನ್ನು ನೋಡಿದಳು. ಕಣ್ಣು ಕಿರಿದು ಮಾಡಿ, ಬಾಗಿ, ಬಹಳ ಹೊತ್ತು.

“ಮೀಸಿ ಇಷ್ಟ ದಪ್ಪ ಇರಲಿಲ್ಲಣ್ಣ ಅವಂದು,” ಅಂದಳು. ಸ್ವಲ್ಪ ತಡೆದು, “ಇರ್ಲಿ ಬಿಡು. ಇರಬೇಕಂತ ಅವಗ ಭಾಳ ಆಸೆ ಇತ್ತು” ಅಂದಳು. ಪಾರ್ವತೆವ್ವ ನಗಲೂ ಆರದೆ ಅಳಲೂ ಆರದೆ ಸೆರಗು ಬಾಯಿಗೆ ಹಿಡಿದರು.

“ಸೇತುವೆ ಮ್ಯಾಲ ನಿಲ್ಲಸ್ಲೇನ ತಂಗಿ, ಇಲ್ಲೇ ಇರ್ಲೇನು?” ಅಂದಾನೆಪ್ಪನವರು ಕೇಳಿದರು.

“ಇಲ್ಲೇ ಇರ್ಲಿ. ಇಲ್ಲಿಂದ ಮುಂದ ಕಳಸಬ್ಯಾಡ.”

ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ಬತ್ತಿದ ಹೊಳೆಯ ಮೇಲೆ. ಕೇಳದೆಯೇ ಕೈ ಚಾಚಿ, ತೋರುಬೆರಳನ್ನು ಮೂರನೆಯ ಕಂಬದ ಬುಡದಲ್ಲಿ ಇಟ್ಟಳು. ಅಲ್ಲಿಂದ ಮೆಲ್ಲಗೆ ಕೆಳಗಿಳಿದಳು. ಒಂದು ಬಂಡೆಯ ಹಿಂದೆ ನಿಂತಳು. ಮತ್ತೆ ಮುಂದೆ. ಮರಳಿನಲ್ಲಿ ಹೊಕ್ಕಳು. ಮತ್ತೊಂದು ಬಂಡೆ. ಆ ಬೆರಳು ಬರಿಯ ಬೆರಳಾಗಿರಲಿಲ್ಲ, ನಡೆಯುತ್ತಿತ್ತು.

“ಸಿಗಲಿಲ್ಲಲ್ಲಣ್ಣ ಅಂವ,” ಅಂದಳು. “ಮಣ್ಣ ಮಾಡಾಕ ಸೈತ ಸಿಗಲಿಲ್ಲ. ಆ ಬ್ಯಾಸಗ್ಯಾಗ ಹೊಳಿ ಬತ್ತಿತು ನೋಡು, ನಾ ದಿನಾ ಇಳದು ಹುಡುಕಿನಿ. ಒಂದೊಂದು ಕಲ್ಲು ಹೊಳ್ಳಿಸಿ ನೋಡಿನಿ. ಕಂದೀಲದ ಹಿಡಿಕಿ ಒಂದರ ಸಿಕ್ಕೀತು ಅಂತ. ಅಷ್ಟರಾಗ ಮಳಿ ಬಂತು, ನೀರ ಬಂತು. ಹೊಸ ಸೇತುವೆ ಕಟ್ಟಿದರು. ಎಲ್ಲಾರೂ ಗಾಡ್ಯಾಗ ಹೊಂಟಾಗ ಹೊಳಿಗೆ ರೊಕ್ಕ ಒಗೀತಾರ, ಕೈ ಮುಗೀತಾರ. ನಾ ಬ್ಯಾರೆ ಕಡೆ ಮಾರಿ ಮಾಡ್ತೀನಿ. ಕೊಡೂದು ಕೊಟ್ಟೀನಿ, ಇನ್ನೇನ ಕೊಡ್ಲಿ?”

ಅವಳ ಬೆರಳು ಮರಳಿ ಮೂರನೆಯ ಕಂಬಕ್ಕೆ ಬಂದು ನಿಂತಿತ್ತು.

“ಹೊಳಿ ಬತ್ತಿದ್ದು ಕಂಡ ಭಾಳ ದಿನಾ ಆಗಿತ್ತು,” ಅಂದಳು.

ಅವಳು ಹೋದ ಮೇಲೆ ಅಂದಾನೆಪ್ಪನವರು ಬಟ್ಟಲುಗಳ ಮೇಲಿನ ತಟ್ಟೆ ತೆಗೆದರು. ಕುಂಚ ತೆಗೆದುಕೊಳ್ಳಲಿಲ್ಲ. ತೆರೆದ ಬಟ್ಟಲಲ್ಲಿ ಅಂಟು ತಾನೇ ಒಣಗಿ, ಒಂದು ಹಸಿರು ಬಿಲ್ಲೆ, ಒಂದು ಕೆಂಪು ಬಿಲ್ಲೆ ಆಗಿ ಕೂತಿತು. ಪಾರ್ವತೆವ್ವ ಅವೆರಡನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಬಟ್ಟಲು ತೊಳೆದಿಟ್ಟರು.

ಸಂಘದ ಹಾಲಿನಲ್ಲಿ ನನಗೆ ನಡುಮಧ್ಯದ ಮೇಜು ಸಿಕ್ಕಿತು. ಗಾಡಿ ಸುತ್ತಿತು, ಸೇತುವೆಯ ಬಾಯಿಗೆ ಬಂದಾಗ ದುರ್ಗಪ್ಪನ ದೀಪ ಹತ್ತಿತು, ಗಾಡಿ ನಿಂತಿತು. ಹಳೆಯ ಗಾರ್ಡುಗಳು, ಫಿಟ್ಟರುಗಳು ಕನ್ನಡಕ ಏರಿಸಿ ನೋಡಿದರು. ನೀರೆಲ್ಲಿ ಎಂದು ಕೆಲವರು ಕೇಳಿದರು. “ಡ್ರೈವರ್ ಸಾಹೇಬ್ರು ಹೊಳಿಗೆ ನೀರ ಬಿಡಾಕ ಮರತಾರ, ಡ್ಯಾಮಿನವರಿಗೆ ಫೋನ್ ಮಾಡ್ರಿ” ಎಂದೊಬ್ಬರು ನಗಿಸಿದರು. ಬತ್ತಿದ ಹೊಳೆಯಾದರೂ ಒಂದಿಬ್ಬರು ಅಭ್ಯಾಸದಿಂದ ಜೇಬಿಗೆ ಕೈ ಹಾಕಿ ನಾಣ್ಯ ಒಗೆದೇ ಬಿಟ್ಟರು. ಅವು ನನ್ನ ಬಂಡೆಗಳ ಮೇಲೆ ಬಿದ್ದು ಸದ್ದು ಮಾಡಿದವು. ಫಕ್ಕೀರವ್ವ ಅವನ್ನು ಆರಿಸಿ ಅವರವರ ಕೈಗೇ ವಾಪಸು ಇಟ್ಟಳು. “ಮುಂದಿನ ವರ್ಷ ನೀರು ಬರತೇತಿ” ಎಂದು ಕಟಗೇರಿಯವರು ಎಲ್ಲರಿಗೂ ಹೇಳಿದರು.

ಮುಂದಿನ ವರ್ಷ ಬಂತು. ಅದರ ಮುಂದಿನದೂ ಬಂತು. ಹಾಕೋಣ ಎಂದು ಅಂದಾನೆಪ್ಪನವರು ಹೇಳುತ್ತಿದ್ದರು. ಇಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲವಲ್ಲ. ಹಾಕುತ್ತ ಮಾತ್ರ ಇರಲಿಲ್ಲ. ನಡುವಿನ ಮೇಜಿನಿಂದ ನಾನು ಕಿಟಕಿಯ ಹತ್ತಿರಕ್ಕೆ ಹೋದೆ, ಕಿಟಕಿಯಿಂದ ಮೂಲೆಗೆ ಹೋದೆ. ಆಟದ ಎಂಜಿನ್ನು ಕೆಟ್ಟು ನಿಂತಿತು. ನನ್ನ ಬೆನ್ನಿಗೆ ಉಳಿದಿದ್ದ ಕಾಗದ ಹಳದಿಯಾಯಿತು, ಅಂಚುಗಳು ರೊಟ್ಟಿಯಂತೆ ಮೇಲಕ್ಕೆದ್ದವು. ಜಾಲಿಗಿಡದ ಹಸಿರು ಉದುರಿತು. ನಿಲ್ದಾಣದ ಹೊಂಡದ ನೀರೂ ಮಬ್ಬಾಗಿ, ಮೊದಲಿನ ಹಾಲಿನ ಬಣ್ಣಕ್ಕೆ ತಿರುಗಿತು. ನಾಲ್ಕನೆಯ ಕಂಬದ ಸಂದಿಯಲ್ಲಿ ಹಲ್ಲಿಯೊಂದು ಮೊಟ್ಟೆ ಇಟ್ಟು ಸಂಸಾರ ಬೆಳೆಸಿಕೊಂಡು ಹೋಯಿತು. ದುರ್ಗಪ್ಪ ಮಾತ್ರ ಎತ್ತಿದ ಕೈ ಇಳಿಸಲಿಲ್ಲ.

ಶ್ರಾವಣಕ್ಕೊಮ್ಮೆ ಫಕ್ಕೀರವ್ವ ಬರುತ್ತಿದ್ದಳು. ನನ್ನ ಮೇಲಿನ ಧೂಳು ಊದಿ, ಬೆರಳಿಟ್ಟು, ಮೂರನೆಯ ಕಂಬದಿಂದ ಕೆಳಗೆ ನಡೆದು ಹೋಗುತ್ತಿದ್ದಳು. ಅವಳ ಬೆರಳು ನಡೆದು ನಡೆದು ನನ್ನ ಮರಳಿನಲ್ಲಿ ಒಂದು ಕಾಲುದಾರಿಯೇ ಬಿದ್ದಿತ್ತು. ಲೋಕದಲ್ಲಿ ಹಲಗೆಗಳು ಬಹಳ ಇವೆ. ಕೆಲವು ದೇವರ ಹೆಸರು ಹೊರುತ್ತವೆ, ಕೆಲವು ಅಂಗಡಿಯ ಹೆಸರು ಹೊರುತ್ತವೆ. ನನ್ನ ಪಾಲಿಗೆ ಒಬ್ಬಳ ಹುಡುಕಾಟ ಹೊರುವುದು ಬಂತು. ಗಾಳಿಯೇ ತುಂಬಿದ ಮೈಗೆ ಇದಕ್ಕಿಂತ ಭಾರದ ಕೆಲಸ ಬೇಡ, ಇದಕ್ಕಿಂತ ದೊಡ್ಡ ಪೂಜೆಯೂ ಬೇಡ. ನಾನೇನೂ ನುಡಿಯಲಾರೆ, ಕೊಡಲಾರೆ. ಬತ್ತಿಕೊಂಡು ಇರಬಲ್ಲೆ.

ಈ ಶ್ರಾವಣದಲ್ಲಿ ಹಾಲಿಗೆ ಸುಣ್ಣಬಣ್ಣ ಶುರುವಾಯಿತು. ಬಾಗಿಲ ಎದುರಿಗೆ ಗಾಜಿನ ಪೆಟ್ಟಿಗೆ ಮಾಡಿಸುವ ಮಾತು ನಡೆದಿತ್ತು. ಕಟಗೇರಿಯವರಿಗೂ ಈಗ ಕೋಲು ಬಂದಿದೆ. ಅಂದಾನೆಪ್ಪನವರನ್ನೂ ಫಕ್ಕೀರವ್ವನನ್ನೂ ಕರೆಸಿ, ನನ್ನ ಮುಂದೆ ಕುರ್ಚಿ ಹಾಕಿಸಿದರು. ಗಂಡನ ಕೈ ಹಿಡಿದು ಪಾರ್ವತೆವ್ವನವರೂ ಬಂದಿದ್ದರು.

“ಅಂದಾನೆಪ್ಪನ್ನಾರ, ಸಿಟ್ಟಾಗಬ್ಯಾಡ್ರಿ. ಅರ್ಧಮರ್ಧ ಕೆಲಸ ಇಡಾಕ ಕಮಿಟಿಯವರು ಒಪ್ಪವಲ್ರು. ಒಂದು ಸಲ ನೀರ ಹಾಕಿಬಿಡ್ರಿ. ಗಾಜಿನ ಪೆಟ್ಟಿಗ್ಯಾಗ, ಬಾಗಲದ ಎದುರಿಗೇ ಇಡ್ತೀನಿ, ದುರ್ಗಪ್ಪನ ಹೆಸರು ಬರಸ್ತೀನಿ. ನೀರ ಇಲ್ಲಾಂದ್ರ ಇದು ಹೊರಗ ಹೋಗತೇತಿ. ಗುಜರಿಯವ ಸೈತ ಮುಟ್ಟೂದಿಲ್ಲ ಇದನ್ನ, ತಿಪ್ಪಿಗೇ ಹೋಗತೇತಿ.”

ಕಟಗೇರಿಯವರು ಫಕ್ಕೀರವ್ವನ ಕಡೆ ತಿರುಗಿದರು. “ನೀನರ ಹೇಳವ್ವ. ನಿನ್ನ ಗಂಡನ ಹೆಸರು ಉಳೀತೇತಿ. ನಿನ್ನ ಮಾತು ಅವರು ತೆಗೆದು ಹಾಕೂದಿಲ್ಲ.”

ಫಕ್ಕೀರವ್ವ ಎದ್ದು ನನ್ನ ಹತ್ತಿರ ಬಂದಳು. ಈಗ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೈಯಾಡಿಸಿ ದುರ್ಗಪ್ಪನನ್ನು ಹುಡುಕಿ ಮುಟ್ಟಿದಳು. ಅವನ ಮೀಸೆಯ ಬಣ್ಣ ಎಂದೋ ಉದುರಿಹೋಗಿತ್ತು. ಅಲ್ಲಿಂದ ಅವಳ ಬೆರಳು ದಾರಿ ತಪ್ಪದೆ ಮೂರನೆಯ ಕಂಬಕ್ಕೆ ಹೋಗಿ, ಬುಡದಲ್ಲಿ ನಿಂತಿತು.

“ಅಣ್ಣಾ,” ಅಂದಳು. “ಇವನ್ನ ತಿಪ್ಪಿಗೆ ಒಗ್ಯಾಕ ನಾ ಕೊಡಲಾರೆ. ಒಮ್ಮೆ ಹೋಗ್ಯಾನ, ಮತ್ತ ಹೋಗಬಾರದು. ನಂದೇನು, ಇನ್ನ ಎಷ್ಟ ದಿನಾ ಹುಡುಕೇನು? ಹಾಕಿಬಿಡು ಅಣ್ಣಾ. ನೀರ ಹಾಕಿಬಿಡು.”

ಕಟಗೇರಿಯವರು ಸಮಾಧಾನದ ಉಸಿರು ಬಿಟ್ಟರು. ಅಂದಾನೆಪ್ಪನವರು ಅವಳ ಮುಖ ನೋಡಲಿಲ್ಲ. ನನ್ನ ಕಡೆ ನೋಡುತ್ತಿದ್ದರು. ನೀರು ಹಾಕು ಎಂದ ಮೇಲೂ ಅವಳ ಬೆರಳು ನನ್ನ ಪಾತ್ರದಿಂದ ಎದ್ದಿರಲಿಲ್ಲ. ಅದು ಮೆಲ್ಲಗೆ ಕಾಲುದಾರಿ ಹಿಡಿದು ಕೆಳಗಿಳಿಯುತ್ತಿತ್ತು. ಒಂದು ಬಂಡೆಯ ಹಿಂದೆ ನಿಂತು, ತಡವಿ, ಮತ್ತೆ ಮುಂದೆ ಹೋಗುತ್ತಿತ್ತು.

ಅಂದಾನೆಪ್ಪನವರು ಹೆಂಡತಿಯ ಹೆಗಲು ಹಿಡಿದು ಎದ್ದು ನಿಂತರು.

“ಪಾರ್ವತಿ, ಪಡಸಾಲ್ಯಾಗ ಜಾಗಾ ಮಾಡು,” ಅಂದರು. ಆಮೇಲೆ ಫಕ್ಕೀರವ್ವನ ಕಡೆ ತಿರುಗಿ, “ಇಲ್ಲ ತಂಗಿ. ನೀರ ಹಾಕೂದಿಲ್ಲ.”